ಸೋಮವಾರದ ಬಂಗಡೆ

ಮರೆವು ದೇವರು ಕೊಟ್ಟ ವರವೆಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಲ್ಲಿ ಒಬ್ಬರೂ ಕಡಲತೀರದ ಬಾಡ ಊರಿನಿಂದ ಕುಮಟೆಗೆ ಮೀನು ಹೊತ್ತು ಮಾರಿದವರಲ್ಲ. ಯಾವ ಮನೆಗೆ ಯಾವ ವಾರ ಮೀನು ವರ್ಜ್ಯವೆಂಬುದನ್ನು ನಮ್ಮ ಮೀನಿನಾಕೆ ಪುರೋಹಿತರಿಗಿಂತ ಚೆನ್ನಾಗಿ ಬಲ್ಲಳು. ಅಂಥವಳು ಸೋಮವಾರ ವ್ರತ ಹಿಡಿಯುವ ನಮ್ಮ ಮನೆಗೆ ಸೋಮವಾರವೇ ಬಂಗಡೆ ತರತೊಡಗಿದಳು. ಅತ್ತೆಗೆ ಅರಳುಮರಳೆಂದು ಬುಟ್ಟಿ ಕಸಿದುಕೊಳ್ಳಲು ಅವಳ ಸೊಸೆ ಸಿದ್ಧಳಾದಳು.

ಡಾಕ್ಟರು ಮೀನಿನಾಕೆಯ ರಕ್ತ ಪರೀಕ್ಷಿಸಿ, ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿ ಮಿದುಳು ಮಂಕಾಗಿದೆ, ಆ ಹಾರ್ಮೋನನ್ನೇ ಹೋಲುವ ಮಾತ್ರೆ ದಿನಾ ನುಂಗಬೇಕು ಎಂದರು.

"ಹೋಲುದು ಅಂದ್ರೆ ನಕಲಿ ಅಲ್ದ್ರಾ ಡಾಕ್ಟ್ರೆ? ನಾ ನಿನ್ನೆ ಮೀನ ಇಂದಿಂದು ಅಂತ ಮಾರಿದವಳಲ್ಲ!"

"ನಿನ್ನ ಮಿದುಳಿಗೆ ವ್ಯತ್ಯಾಸ ಗೊತ್ತಾಗುದಿಲ್ಲ."

"ಪಾಪ, ಒಳ್ಳೆ ಗಿರಾಕಿ! ಆತು, ಕೊಡಿ."

ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದವು. ಒಂದು ಭಾನುವಾರ ಅವಳು ದಿಗ್ವಿಜಯದಿಂದ ಮರಳಿದ ರಾಣಿಯಂತೆ ಅಂಗಳಕ್ಕೆ ಬಂದು ಬುಟ್ಟಿ ಇಳಿಸಿದಳು. "ಇಂದೇ ತಕಣಿ ಅಮ್ಮ, ನಾಳೆ ನಿಮ್ಗೆ ವ್ರತ ಅಲ್ದ್ರಾ," ಎಂದಳು.

ಸೋಮವಾರ ಅವಳು ಬರಲಿಲ್ಲ.