ಒಂದು ಪಾಟಿ, ಎರಡು ತುದಿ

ಕಳೆದ ವಾರ ಬೀದರಿನ ಒಂದು ಶಾಲೆಯಲ್ಲಿ ನಿದ್ದೆ ಮಾಡಿದೆ. ಅದೂ ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂತು.

(ಎಂಬತ್ತು ದಾಟಿದವಳಿಗೆ ಊಟ ಹಾಕಿ ವೇದಿಕೆ ಹತ್ತಿಸಿದರೆ ಇನ್ನೇನಾಗುತ್ತದೆ? ತಪ್ಪು ಕರೆದವರದು.)

ನಿದ್ದೆಗೆ ಮುಂಚೆ ಒಂದು ಸಂಗತಿ ನಡೆಯಿತು. ಮಕ್ಕಳು ಚಿತ್ರ ಬರೆಯುತ್ತಿದ್ದರು. ಮುಂದಿನ ಬೆಂಚಿನ ಹುಡುಗಿಯ ಪೆನ್ಸಿಲ್ ಮುರಿಯಿತು. ಪಕ್ಕದವಳ ಬಾಕ್ಸಿನ ತುಂಬ ಪೆನ್ಸಿಲ್, ಎಲ್ಲಕ್ಕೂ ಹೆಸರಿನ ಸ್ಟಿಕರ್. "ಒಂದು ಕೊಡವ್ವ ಆಕಿಗಿ" ಎಂದೆ.

"ಇದರ ಮ್ಯಾಲ ನನ್ನ ನೇಮ್ ಅದ ರಿ ಅಜ್ಜಿ. ಆಕಿ ಹ್ಯಾಂಗ ಬರೀತಾಳ?" ಎಂದಿತು ಮಗು.

ಲಾಜಿಕ್ ಸರಿಯಾಗಿಯೇ ಇತ್ತು, ಪಾಪ. ಅಷ್ಟರಲ್ಲಿ ಭಾಷಣ ಶುರುವಾಯಿತು. ಫ್ಯಾನಿನ ಗಾಳಿ ಮೆಲ್ಲಗೆ ಬಂತು. ನಿದ್ದೆಯಲ್ಲಿ ನಾನು ನನ್ನೂರು ಭಾಲ್ಕಿಗೆ ಹೋಗಿಬಿಟ್ಟೆ.

ಈಗಿನ ಭಾಲ್ಕಿಗಲ್ಲ. ಪೊಲೀಸ್ ಆ್ಯಕ್ಷನ್ ಆದ ಮರುವರ್ಷದ ಭಾಲ್ಕಿಗೆ. ನಿಜಾಮನ ಆಳ್ವಿಕೆ ಮುಗಿದು ಹೈದರಾಬಾದ್ ಸ್ಟೇಟ್ ಎಂಬ ಹೆಸರಷ್ಟೇ ಉಳಿದಿತ್ತು. ಉರ್ದುವಿನ ಅಲಿಫ್, ಬೇ ಬರೆಯುತ್ತಿದ್ದ ನಮಗೆ ಒಂದು ಬೆಳಿಗ್ಗೆ "ಇನ್ನು ಮುಂದೆ ಕನ್ನಡ" ಎಂದರು. ದೊಡ್ಡವರೆಲ್ಲ ಪಿಸುಮಾತಿನಲ್ಲೇ ಮಾತಾಡುತ್ತಿದ್ದ ಕಾಲ. ಮೊದಲು ನಮ್ಮ ಓಣಿ ಹೆದರಿತ್ತು, ಆಮೇಲೆ ಮುಸಲ್ಮಾನರ ಓಣಿ ಹೆದರಿತು. ಮಕ್ಕಳಾದ ನಮಗೆ ಕಂಡದ್ದು ಇಷ್ಟೇ: ಕ್ಲಾಸಿನಲ್ಲಿ ಹಾಸಿದ ಗೋಣಿತಟ್ಟಿನ ಮೇಲೆ ಅಲ್ಲಲ್ಲಿ ಜಾಗ ಖಾಲಿ.

ನನ್ನ ಪಕ್ಕದ ಖಾಲಿ ಜಾಗ ಹಸೀನಾಳದು. ಅವಳ ಅಪ್ಪ ಮನೆಮನೆಗೆ ಬಂದು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಗಲಾಟೆಯ ದಿನಗಳಲ್ಲಿ ಹೊರಗೆ ಹೋದವನು ತಿರುಗಿ ಬರಲಿಲ್ಲ.

ಒಂದು ದಿನ ಹಸೀನಾಳ ಕೈಹಿಡಿದುಕೊಂಡು ಅವಳ ತಾಯಿ ಬಾಗಿಲಲ್ಲಿ ನಿಂತಳು. ನಮಗೆ ಕಲಿಸುತ್ತಿದ್ದವರು ಎಸ್ತರ್ ಅಕ್ಕೋರು, ಮಿಷನ್ ಚರ್ಚಿನವರು, ಮೆಲುದನಿಯ ಹೆಂಗಸು.

"ಹುಡುಗಿ ಬಲ್ಲಿ ಪಾಟಿ ಇಲ್ರಿ ಅಕ್ಕೋರೆ. ಮನ್ಯಾಗಿನ ಸಾಮಾನೆಲ್ಲ ಹೋಗ್ಯಾದ. ಪಾಟಿ ಸಿಗೋತನಕ ಮನ್ಯಾಗೇ ಇರ್ಲೇನ್ರಿ?"

ಪಾಟಿ ಎಂದರೆ ಸ್ಲೇಟು. ಅದು ಎಂದು ಸಿಗಬೇಕು? ಒಮ್ಮೆ ಮನೆಯಲ್ಲಿ ಉಳಿದ ಹುಡುಗಿ ಮತ್ತೆ ಸಾಲಿಗೆ ಬಂದದ್ದನ್ನು ನಾನಂತೂ ಕಂಡಿರಲಿಲ್ಲ.

ಅಕ್ಕೋರು ನಮ್ಮೆಲ್ಲರ ಪಾಟಿಗಳನ್ನು ಹೊರಗೆ ತರಿಸಿದರು. ಒಂದರ ಚೌಕಟ್ಟಿನ ಮೇಲೆ ವಿಭೂತಿ, ಇನ್ನೊಂದರ ಮೇಲೆ ಚಂದ್ರ, ಮತ್ತೊಂದರ ಮೇಲೆ ಶಿಲುಬೆ. ಇದ್ದಿಲಪುಡಿ ಹಚ್ಚಿ ಎಲ್ಲವನ್ನೂ ತೊಳೆಸಿ ಬೇವಿನ ಗಿಡದ ಕೆಳಗೆ ಸಾಲಾಗಿ ಇಡಿಸಿದರು. ಒದ್ದೆ ಪಾಟಿಗಳೊಳಗೆ ಮೋಡ ಹೋಗುತ್ತಿತ್ತು. ಒಂದು ಪಾಟಿಯಿಂದ ಇನ್ನೊಂದಕ್ಕೆ ಮೋಡ ದಾಟುವುದನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೆವೋ ಏನೋ.

"ಇವತ್ತಿನಿಂದ ಪಾಟಿ ಯಾರ್ದೂ ಅಲ್ಲ, ಸಾಲಿದು" ಎಂದರು ಅಕ್ಕೋರು. "ಇಬ್ಬರಿಗೊಂದು. ಮೂಲ್ಯಾಗಿನ ಖೋಕಾದಾಗ ಇಡ್ರಿ, ಮುಂಜಾನಿ ಕೈಗೆ ಬಂದದ್ದು ತಗೊಳ್ರಿ" ಎಂದು ಕಟ್ಟಿಗೆಯ ಪೆಟ್ಟಿಗೆ ತೋರಿಸಿದರು.

ನಾನು, ಹಸೀನಾ ನಡುವೆ ಗೆರೆ ಎಳೆದುಕೊಂಡು ಅ, ಆ ಶುರು ಮಾಡಿದೆವು. ನಾನು ಎಡತುದಿಯಿಂದ ಹೊರಟೆ. ಉರ್ದುವಿನ ರೂಢಿ ಬಿಡದ ಅವಳು ಬಲತುದಿಯಲ್ಲಿ ಅ ಬರೆದು, ಅದರ ಎಡಕ್ಕೆ ಆ, ಅದರ ಎಡಕ್ಕೆ ಇ. ಅಕ್ಷರ ಒಂದೂ ತಪ್ಪಿಲ್ಲ, ದಾರಿ ಮಾತ್ರ ತಿರುಗುಮುರುಗು. ಬರೆಯುತ್ತ ಬರೆಯುತ್ತ ಇಬ್ಬರ ಬೆರಳೂ ಗೆರೆಯ ಹತ್ತಿರ ತಾಕಿದವು. ಅವಳು ಎಷ್ಟೋ ದಿನದ ಮೇಲೆ ನಕ್ಕಳು.

ಆದರೆ ಪಾಟಿ ಒರೆಸುವುದು ಹೇಗೆ? ಎಲ್ಲ ಮಕ್ಕಳ ಹಾಗೆಯೇ. ಉಗುಳಿ, ಅಂಗೈಯಿಂದ ತಿಕ್ಕಿ.

ಸುದ್ದಿ ನಮ್ಮ ಅಜ್ಜಿಗೆ ಮುಟ್ಟಿತು. ಕೊರಳಲ್ಲಿ ಲಿಂಗ ಕಟ್ಟಿದ, ಅಡುಗೆಮನೆಯಲ್ಲಿ ಬೆಕ್ಕು ಕಂಡರೂ ನೆಲ ಸಾರಿಸುವ ಅಜ್ಜಿ. ಮರುದಿನ ಸಾಲಿಗೇ ಬಂದಳು.

"ಕಂಡಕಂಡವರ ಎಂಜಲದಾಗ ನಮ್ಮ ಹುಡುಗಿ ಕೈ ಇಡ್ಬೇಕೇನ್ರಿ ಅಕ್ಕೋರೆ? ನಮ್ಮ ಪಾಟಿ ನಮಗ ಕೊಡ್ರಿ."

"ಒಯ್ಯಿರಿ ಅವ್ವ. ನಿಮ್ಮದು ಯಾವುದದ ಆರಿಸ್ಕೊಳ್ರಿ" ಎಂದು ಅಕ್ಕೋರು ಖೋಕಾ ಮುಂದಿಟ್ಟರು.

ಅಜ್ಜಿ ತಿರುವಿದಳು, ಮಗುಚಿದಳು. ಗುರುತು ಎಲ್ಲಿದೆ? ಕೊನೆಗೆ ನಮ್ಮ ಕೈಯಲ್ಲಿದ್ದದ್ದನ್ನೇ ಹಿಡಿದು ಎಳೆದಳು. ಹಸೀನಾ ಬಿಡಲಿಲ್ಲ.

"ಬಿಡವ್ವ. ನಿನ್ನ ಪಾಟಿ ಯಾವುದು, ಅದು ತಗೋ."

"ನಂದಿಲ್ರಿ ಅಜ್ಜಿ. ಇದರಾಗ ಈ ಕಡಿದು ಅರ್ಧ ನಂದು ಅದ."

ಅಜ್ಜಿ ಅವಳ ಮುಖವನ್ನೇ ನೋಡಿದಳು. "ಕಲಾಯಿದವನ ಮಗಳಲ್ಲೇನ ನೀ? ಅಪ್ಪ ಬಂದನೇನ?"

ಹಸೀನಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಜ್ಜಿಯ ಕೈ ತಾನಾಗಿ ಸಡಿಲವಾಯಿತು. ಸೆರಗು ಹೊದ್ದು ಹೊರಟುಹೋದಳು. ಅವತ್ತು ಸಂಜೆ ಮನೆಗೆ ಹೋಗಲು ನನಗೆ ಕಾಲು ಬರಲಿಲ್ಲ. ನನ್ನ ಸಾಲಿ ಬಿಡಿಸಿದರೆ ಹಸೀನಾಳ ಅರ್ಧ ಏನಾಗಬೇಕು?

ಬೆಳಿಗ್ಗೆ ಅಜ್ಜಿ ನನ್ನ ಕೈಗೆ ನೀರು ತುಂಬಿದ ತಂಬಿಗೆ ಕೊಟ್ಟಳು. ಜೊತೆಗೆ ತನ್ನ ಹಳೆಯ ಸೀರೆ ಹರಿದು ಮಾಡಿದ ಬಟ್ಟೆಯ ತುಂಡುಗಳು, ಇಡೀ ಕ್ಲಾಸಿಗೆ ಆಗುವಷ್ಟು.

"ಉಗುಳಬ್ಯಾಡ್ರಿ ಅಂತ ಹೇಳು. ನೀರ್ ಹಚ್ಚಿ ಒರಸ್ರಿ. ಆ ಹುಡುಗಿಗೂ ಹೇಳು."

(ಮಡಿಯನ್ನೂ ಬಿಡಲಿಲ್ಲ, ಹುಡುಗಿಯನ್ನೂ ಬಿಡಲಿಲ್ಲ. ನಮ್ಮಜ್ಜಿಯ ಹಟ ನನಗೆ ಇವತ್ತಿಗೂ ಇಷ್ಟ.)

ಹಸೀನಾ ಸಾಲಿ ಬಿಡಲಿಲ್ಲ. ಎಡದಿಂದ ಬರೆಯುವುದನ್ನೂ ಕಲಿತಳು. ಆದರೂ ನಮ್ಮ ಪಾಟಿಯ ಬಲಭಾಗ ಅವಳದೇ.

ಆಮೇಲೊಂದು ದಿನ ಸರಕಾರದಿಂದ ಹೊಸ ಪಾಟಿಗಳು ಬಂದವು, ಒಬ್ಬೊಬ್ಬರಿಗೆ ಒಂದೊಂದು. ಮಕ್ಕಳೆಲ್ಲ ಕುಣಿದರು. ಅಕ್ಕೋರು ಮಗ್ಗಿ ಬರೆಯಲು ಹೇಳಿ ಸುತ್ತು ಹಾಕುತ್ತ ಬಂದರು. ನಾನು ನನ್ನ ಪಾಟಿಯ ಎಡಭಾಗ ತುಂಬಿಸಿ ಸುಮ್ಮನೆ ಕೂತಿದ್ದೆ. ಪಕ್ಕದಲ್ಲಿ ಹಸೀನಾ ಬಲಭಾಗ ತುಂಬಿಸಿ ಕೂತಿದ್ದಳು.

"ಉಳಿದದ್ದು ಯಾಕ ಖಾಲಿ ಬಿಟ್ಟೀರಿ?" ಎಂದು ಅಕ್ಕೋರು ಕೇಳಿದರು.

ಹಸೀನಾ ತನ್ನ ಹೊಸ ಪಾಟಿಯನ್ನು ಮೇಲೆ ಕೆಳಗೆ ನೋಡಿ ಕೇಳಿದಳು: "ಇಷ್ಟು ದೊಡ್ಡದು ಒಬ್ಬರಿಗೇ ಯಾಕ ಬೇಕ್ರಿ ಅಕ್ಕೋರೆ?"