ಕಪ್ಪು ಗೆರೆಯ ಭರಣಿ

ಹೋದ ಭಾನುವಾರ ಹಾರೋಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಡಿಕ್ಕಿ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಅರಗಿನ ವಾಸನೆ. ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ಮರದ ಕುಂಕುಮದ ಭರಣಿ ರಾಮನಗರದಿಂದ ಬರುವಷ್ಟರಲ್ಲಿ ಬಿಸಿಲಿಗೆ ಕಾದು, ಮೇಲಿನ ಬಣ್ಣ ಮೆತ್ತಗಾಗಿ ಬಟ್ಟೆಗೆ ಅಂಟಿಕೊಂಡಿತ್ತು. ಬಿಡಿಸಿ ನೋಡಿದರೆ ಕರ್ಚೀಫಿನ ನೇಯ್ಗೆಯ ಗುರುತು ಕೆಂಪು ಮೈಮೇಲೆ ಹಾಗೇ ಮೂಡಿದೆ. ಹದಿನೈದು ವರ್ಷ ಜೋಪಾನ ಮಾಡಿದ್ದನ್ನು ಒಂದೇ ಮಧ್ಯಾಹ್ನದಲ್ಲಿ ಕೆಡಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆಮೇಲೆ ಆ ವಾಸನೆ... ಒಣಮರ, ಬಿಸಿ ಅರಗು, ಜೊತೆಗೆ ಒಂದಿಷ್ಟು ಬೀಡಿ. ಭರಣಿಯಲ್ಲಿ ಬೀಡಿ ವಾಸನೆ ಇರಲು ಸಾಧ್ಯವಿಲ್ಲ. ಅದನ್ನು ಸೇರಿಸಿದ್ದು ನನ್ನ ನೆನಪು.

ಆ ಭರಣಿ ಮಾಡಿಕೊಟ್ಟವರು ಚನ್ನಪಟ್ಟಣದ ಒಂದು ಗಲ್ಲಿಯಲ್ಲಿ ಲೇತು ಇಟ್ಟುಕೊಂಡು ಮರದ ಗೊಂಬೆ ಮಾಡುತ್ತಿದ್ದವರು. ನಾನು ಅವರನ್ನು ಯಜಮಾನ್ರೇ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಪರಿಚಯ ಇಬ್ಬರಿಗೂ ಬೇಕಾಗಿರಲಿಲ್ಲ.

ಆಗ ನಾನು ಕೈಲಾಂಚದ ಕಡೆ ಒಂದು ಸರ್ಕಾರಿ ಶಾಲೆಗೆ ಹೊಸದಾಗಿ ಸೇರಿದ್ದೆ. ಕಳೆಯುವ ಲೆಕ್ಕ ಎಂದರೆ ಮುಖ ಸಣ್ಣ ಮಾಡುತ್ತಿದ್ದ ಮಕ್ಕಳನ್ನು ನಗಿಸಲು ಒಂದು ದಿನ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮಾಯ ಮಾಡಿ ತೋರಿಸಿದ್ದೇ ನೆಪ, ಮ್ಯಾಜಿಕ್ಕಿನ ಹುಚ್ಚು ನನಗೇ ಹಿಡಿಯಿತು. ಪುಸ್ತಕ ತರಿಸಿದೆ. ಟಿವಿಯಲ್ಲಿ ಬಂದದ್ದನ್ನೆಲ್ಲ ನೋಡಿ ನೋಡಿ ಕಲಿತೆ. ಆ ಧೈರ್ಯದಲ್ಲಿ ಶಿಕ್ಷಕರ ಸ್ಪರ್ಧೆಯೊಂದಕ್ಕೆ ಹೋಗಿ, ಹಗ್ಗ ಕತ್ತರಿಸಿ ಮತ್ತೆ ಕೂಡಿಸುವ ಆಟ ತೋರಿಸಿದೆ. ತೀರ್ಪುಗಾರರೊಬ್ಬರು ಮೈಕಿನಲ್ಲೇ, ಇದನ್ನು ಟಿವಿಯಲ್ಲಿ ನಾವೂ ನೋಡಿದ್ದೇವೆ, ಮಾತೂ ಅದೇ, ಕೈಯಾಡಿಸುವುದೂ ಅದೇ, ಇದರಲ್ಲಿ ನಿಮ್ಮದು ಅಂತ ಏನಿದೆ ಮೇಡಂ ಎಂದರು. ಎಲ್ಲರೂ ನಕ್ಕರು. ನನಗೆ ಉರಿದದ್ದು ಆ ನಗುವಿಗಲ್ಲ, ಆತ ಹೇಳಿದ್ದು ನಿಜ ಎನ್ನುವುದಕ್ಕೆ. ಟಿವಿಯವನು ಗಂಟು ಬಿಚ್ಚುವ ಮೊದಲು ಎಡಹುಬ್ಬು ಏರಿಸುತ್ತಿದ್ದ. ನಾನೂ ಏರಿಸಿದ್ದೆ.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮನೆಗೆ ಬಂದವಳೇ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಇನ್ನು ಮಾಡಿದರೆ ಯಾರೂ ಮಾಡದ, ನನ್ನ ತಲೆಯಿಂದಲೇ ಬಂದ ಆಟ ಮಾಡಬೇಕು, ಇಲ್ಲದಿದ್ದರೆ ಮ್ಯಾಜಿಕ್ಕೇ ಬೇಡ ಎಂದು ನಿರ್ಧರಿಸಿದೆ. ತಿಂಗಳುಗಟ್ಟಲೆ ಏನೂ ಹೊಳೆಯಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅಮ್ಮ ಕುಂಕುಮದ ಭರಣಿಯ ಮುಚ್ಚಳ ತಿರುವುವುದನ್ನು ನೋಡುತ್ತಿದ್ದಾಗ ಹೊಳೆಯಿತು. ನಮ್ಮ ಶಾಲೆಯ ಸುತ್ತ ಎಲ್ಲರ ಮನೆಯಲ್ಲೂ ರೇಷ್ಮೆಹುಳು ಸಾಕುತ್ತಾರೆ. ಮಿಶ್ರತಳಿಯ ಹಳದಿ ಗೂಡಿಗಿಂತ ಬೈವೋಲ್ಟೈನ್ ತಳಿಯ ಬಿಳಿ ಗೂಡಿಗೆ ಮಾರ್ಕೆಟ್ಟಿನಲ್ಲಿ ರೇಟು ಜಾಸ್ತಿ ಎನ್ನುವುದು ಅಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಭರಣಿಗೆ ಹಳದಿ ಗೂಡು ಹಾಕಿ ಮುಚ್ಚಿ, ತೆಗೆದರೆ ಬಿಳಿ ಗೂಡು ಇರಬೇಕು! ಅದಕ್ಕೆ ನೋಡುವವರ ಕಣ್ಣಿಗೆ ಎರಡು ಭಾಗ, ನಿಜಕ್ಕೆ ಮೂರು ಭಾಗ ಇರುವ ಭರಣಿ ಬೇಕು. ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ. ಕೆಂಗಲ್ ದಾಟುವಾಗ ಬಸ್ಸಿನಿಂದಲೇ ಹನುಮಂತರಾಯನಿಗೆ ಕೈಮುಗಿದದ್ದು ನೆನಪಿದೆ.

ಯಜಮಾನರು ಲೇತಿನ ಮುಂದೆ ಕೂತು ಬುಗುರಿಗೆ ಬಣ್ಣ ಕೊಡುತ್ತಿದ್ದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಕರಗಿ ಮೈಗೆ ಹತ್ತುತ್ತದೆ. ಕಿವಿಯ ಹಿಂದೆ ಬೀಡಿ, ಮುಂಗೈ ತುಂಬ ಮರದ ಪುಡಿ. ಯಾವುದೇ ಸಾಮಾನು ಮುಗಿದ ಮೇಲೆ ಅದನ್ನು ಊದಿ, ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಕೈ ಕೆಲಸ ಮಾಡಿ ಮಾಡಿ ದಪ್ಪವಾಗಿದೆ, ನುಣುಪು ಗೊತ್ತಾಗುವುದು ಕೆನ್ನೆಗೇ ಅಂತೆ. ನನ್ನ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಅಂಚು ಎಲ್ಲಿ ಬತ್ತದೆ ಟೀಚರಮ್ಮ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಮೂರನೆಯ ಭಾಗದ ಕೂಡು ಎಲ್ಲಿ ಬಿದ್ದರೂ ಕಣ್ಣಿಗೆ ಕಾಣುತ್ತದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಪೆನ್ಸಿಲ್ ಕಚ್ಚುತ್ತಾ ಅರ್ಧ ಗಂಟೆ ಒದ್ದಾಡಿದೆ. ಅವರು ಬುಗುರಿ ಮಾಡುತ್ತಾ ಸುಮ್ಮನಿದ್ದರು. ಕೊನೆಗೆ, ಸುತ್ತಲೂ ಒಂದು ಕಪ್ಪು ಗೆರೆ ಎಳೆದು ಆ ಗೆರೆಯೊಳಗೇ ಕೂಡು ಬರುವಂತೆ ಮಾಡಬಹುದಾ ಎಂದೆ. "ಮಾಡ್‌ಬೋದಲ್ವಾ!" ಎಂದರು, ಆ ಮಾತನ್ನು ಜೀವಮಾನದಲ್ಲಿ ಮೊದಲ ಸಲ ಕೇಳಿದವರ ಹಾಗೆ. ನಾನು ಬೀಗಿಹೋದೆ. ಇಂಥದ್ದನ್ನು ಬೇರೆ ಯಾರಿಗೂ ಮಾಡಿಕೊಡಬಾರದು ಎಂದು ಹನುಮಂತರಾಯನ ಮೇಲೆ ಆಣೆಯನ್ನೂ ಹಾಕಿಸಿಕೊಂಡೆ. ಅವರು ತಲೆಯಾಡಿಸಿದರು.

ಮೊದಲನೆಯದು ಸೀಳಿತು. ಎರಡನೆಯದು ಈಗ ನನ್ನ ಬಳಿ ಇರುವುದು. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಹಳದಿ ಗೂಡು ಬಿಳಿಯಾದಾಗ ಹಿಂದೆ ನಿಂತಿದ್ದ ರೈತರೊಬ್ಬರು, "ನಮ್ಮನೆ ಗೂಡ್ನೂ ಒಸಿ ಅದ್ರೊಳೀಕ್ ಹಾಕ್ರವ್ವ" ಎಂದರು. ಜನ ಬಿದ್ದು ಬಿದ್ದು ನಕ್ಕರು. ಈ ಸಲದ ನಗು ನನ್ನದಾಗಿತ್ತು. ಮನೆಗೆ ಹೋಗಿ ಖುಷಿಗೆ ಅತ್ತೆ.

ಮೂರು ನಾಲ್ಕು ತಿಂಗಳಾದ ಮೇಲೆ ಭರಣಿಯ ಗೆರೆ ಒಂದು ಕಡೆ ಸವೆದಿದೆ ಎಂದು ಮತ್ತೆ ಚನ್ನಪಟ್ಟಣಕ್ಕೆ ಹೋದೆ. ಕರೆಂಟ್ ಹೋಗಿತ್ತು, ಲೇತು ನಿಂತಿತ್ತು. ಕಪ್ಪು ಅರಗಿನ ಕಡ್ಡಿ ಆ ಬಿಸ್ಕತ್ ಡಬ್ಬದಲ್ಲಿದೆ ನೋಡಿ ಎಂದರು. ಮುಚ್ಚಳ ತೆಗೆದೆ. ಕಡ್ಡಿಗಳ ಕೆಳಗೆ ನಾಲ್ಕು ಭರಣಿ ಇದ್ದವು. ಒಂದು, ಸೀಳಿದ ನನ್ನದು. ಉಳಿದ ಮೂರರ ಸುತ್ತಲೂ ಅದೇ ಕಪ್ಪು ಗೆರೆ. ತಿರುವಿದರೆ ಅದೇ ಮೂರು ಭಾಗ.

ನಾನು ಕೂಗಾಡಿದೆ. ಆಣೆ ಹಾಕಿ ಮೋಸ ಮಾಡಿದಿರಿ, ನನ್ನ ಆಟವನ್ನು ಯಾರು ಯಾರಿಗೆ ಮಾರಿದಿರಿ ಎಂದೆ. ಲೇತಿನ ಸದ್ದಿಲ್ಲದ ಕಾರಣ ನನ್ನ ಗಂಟಲು ಗಲ್ಲಿಗೆಲ್ಲ ಕೇಳಿಸಿತು, ಎದುರು ಮನೆಯವರು ಹೊರಗೆ ಬಂದರು. ಯಜಮಾನರು ತಡೆಯಲಿಲ್ಲ. ನನ್ನ ಉಸಿರು ಮುಗಿದ ಮೇಲೆ ಒಂದು ಭರಣಿ ಎತ್ತಿ ಧೂಳು ಊದಿ ನನ್ನ ಕೈಗಿಟ್ಟರು. ಬಣ್ಣ ಮಂಕಾಗಿತ್ತು, ಮರ ಕಂದಿತ್ತು. ನನ್ನ ವಯಸ್ಸಿಗಿಂತ ಹಳೆಯದು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಅದನ್ನು ಅವರ ಅಪ್ಪ ಊರೂರು ತಿರುಗಿ ಮೋಡಿ ಆಡುತ್ತಿದ್ದ ಒಬ್ಬನಿಗೆ ಮಾಡಿದ್ದರಂತೆ. ಇನ್ನೊಂದು ನಾಟಕದ ಕಂಪನಿಯವನಿಗೆ, ಮತ್ತೊಂದು ಮಾಗಡಿಯ ಕಾಲೇಜು ಹುಡುಗನಿಗೆ. ಪ್ರತಿ ಸಲವೂ ಒಂದನ್ನು ಮಾದರಿಗೆಂದು ಡಬ್ಬದಲ್ಲಿ ಉಳಿಸಿಕೊಂಡಿದ್ದರಂತೆ. ಮೂವರೂ ಚಿತ್ರ ಬರೆದುಕೊಂಡು ಬಂದು, ಇದು ನನ್ನದೇ, ಬೇರೆ ಯಾರಿಗೂ ಮಾಡಬೇಡಿ ಎಂದಿದ್ದರಂತೆ.

"ಮತ್ಯಾಕೆ ನನಗೆ ಹೇಳಲಿಲ್ಲ?" ಎಂದೆ.

"ಹಳೇದು ಅಂದಿದ್ರೆ ನೀವು ಅವತ್ತೇ ಎದ್ದೋಗ್ಬುಡ್ತಿದ್ರಿ. ಭರಣಿ ಹಳೇದು ಕಣವ್ವ. ಮೋಡಿಯವ್ನು ಕಾಸು ಹಾಕ್ದ, ನಾಟಕದವ್ನು ಉಂಗುರ ಹಾಕ್ದ. ಹಳದಿ ಗೂಡು ಹಾಕಿ ಬಿಳೀದು ತಗೀತೀನಿ ಅಂದೋರು ನೀವೊಬ್ರೇಯ."

ಇವತ್ತು ಕೇಳಿದರೆ ಎಷ್ಟು ದೊಡ್ಡ ಮಾತು. ಅವತ್ತು ನನಗೆ ಅದು ಅಳುವ ಮಗುವಿಗೆ ಕೊಟ್ಟ ಪೆಪ್ಪರ್‌ಮಿಂಟಿನ ಹಾಗೆ ಕೇಳಿಸಿತು. ನಾನೇ ಕಂಡುಹಿಡಿದೆ ಎಂದು ಎದೆಯುಬ್ಬಿಸಿದ್ದ ಕಪ್ಪು ಗೆರೆಯೂ ನನ್ನದಲ್ಲ. ಆ ಅರ್ಧ ಗಂಟೆ ಉತ್ತರವನ್ನು ಡಬ್ಬದಲ್ಲಿಟ್ಟುಕೊಂಡೇ ಅವರು ನನ್ನನ್ನು ಕಾದಿದ್ದರು! ನನ್ನ ಭರಣಿಯನ್ನು ಚೀಲಕ್ಕೆ ತುರುಕಿಕೊಂಡು ಹೊರಟು ಬಂದೆ. ಎಂಟು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಆ ಎಂಟು ತಿಂಗಳಲ್ಲಿ ಏನಾಯಿತೆಂದರೆ, ಮಕ್ಕಳು ಬಿಡಲಿಲ್ಲ. ಮಿಸ್, ಗೂಡಿನ ಆಟ ಎಂದು ಪೀಡಿಸಿ ಪೀಡಿಸಿ ಮಾಡಿಸಿದರು. ಮಾಡುತ್ತಾ ಮಾಡುತ್ತಾ ಅದು ಯಾರದು ಎನ್ನುವುದು ನನಗೇ ಮರೆತುಹೋಗುತ್ತಿತ್ತು. ಅಟ್ಟದ ಪುಸ್ತಕಗಳೂ ಕೆಳಗಿಳಿದವು. ಆ ಹಗ್ಗದ ಆಟವನ್ನು ಮತ್ತೆ ಕಲಿತು, ಈ ಸಲ ಹಗ್ಗದ ಬದಲು ಹಸು ಕಟ್ಟುವ ಕಣ್ಣಿ ಕತ್ತರಿಸಿದೆ. ಹುಬ್ಬು ತನ್ನ ಪಾಡಿಗೆ ತಾನಿತ್ತು.

ಮತ್ತೆ ಹೋದಾಗ ಲೇತಿನ ಮುಂದೆ ಅವರ ಸೊಸೆ ಕೂತಿದ್ದಳು. ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ ಆರು ತಿಂಗಳಾಗಿತ್ತು. ನಾನು ಮುನಿಸಿಕೊಂಡು ಕೂತಿದ್ದಾಗ, ಇಷ್ಟು ಹತ್ತಿರದಲ್ಲಿ... ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಬದಿಗಿಟ್ಟೆ. ಚೀಲದಿಂದ ಭರಣಿ ತೆಗೆದು ಅವರ ಮಂಚದ ಮುಂದೆ ಆಟ ಶುರುಮಾಡಿದೆ. ಹಳದಿ ಗೂಡು ಹಾಕಿದೆ, ಮುಚ್ಚಿದೆ, ಊದಿದೆ, ತೆಗೆದೆ. ಬಿಳಿ ಗೂಡು.

ಅವರು ಗೂಡನ್ನು ನೋಡಿದರು, ನನ್ನನ್ನು ನೋಡಿದರು. ಎಡಗೈಯಲ್ಲಿ ಭರಣಿ ಇಸಿದುಕೊಂಡು ಕೆನ್ನೆಗೆ ಒತ್ತಿಕೊಂಡರು.

"ಹೆಂಗ್ ಮಾಡಿದ್ರಿ ಟೀಚರಮ್ಮ?"

ಬಾಯಿ ಒಂದು ಕಡೆಗೆ ಸೊಟ್ಟಗಾಗಿದ್ದರಿಂದ ಮಾತು ತೊದಲಿತು. ಆದರೆ ಕಣ್ಣು ತುಂಬ ಬೆರಗು. ನಟನೆಯೋ ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಆಟಕ್ಕೆ ಅಂಥ ಪ್ರೇಕ್ಷಕರು ಮತ್ತೆ ಸಿಗಲಿಲ್ಲ. ಮುಂದಿನ ವರ್ಷ ಅವರು ತೀರಿಕೊಂಡರು.

ಹಾರೋಹಳ್ಳಿಗೆ ನನ್ನನ್ನು ಕರೆದದ್ದು ಅಲ್ಲಿನ ಶಾಲೆಗೆ ಹೊಸದಾಗಿ ಬಂದಿರುವ ಒಬ್ಬ ಟೀಚರ್. ತರಬೇತಿಯೊಂದರಲ್ಲಿ ನನ್ನ ಕಣ್ಣಿಯ ಆಟ ನೋಡಿ ಹಿಂದೆ ಬಿದ್ದವಳು. ತಾನೂ ಒಂದು ಆಟ ಹೊಸೆದಿದ್ದೇನೆ, ಫೋನಿನಲ್ಲಿ ಹೇಳುವಂಥದ್ದಲ್ಲ ಎಂದಿದ್ದಳು. ನಮ್ಮ ಕಡೆ ಎಂಥೆಂಥ ಸಾಮಾನು ಮಾಡಿಸಬಹುದು ಎಂದು ತೋರಿಸಲು ಭರಣಿಯನ್ನು ತಂದಿದ್ದೆ. ಅದನ್ನು ಚೀಲಕ್ಕೆ ಹಾಕಿಕೊಂಡು ಹೋಟೆಲಿಗೆ ಹೋದೆ. ಕಾಫಿ ಬರುವ ಮೊದಲೇ ಅವಳು ನೋಟ್‌ಬುಕ್ ತೆರೆದಳು.

ಮೂರು ಭಾಗದ ಡಬ್ಬಿ.

ಅವಳ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರು ಹೆಚ್ಚಿನವರು ಫ್ಯಾಕ್ಟರಿಗೆ ಹೋಗುವವರು. ಡಬ್ಬಿಗೆ ಬೋಲ್ಟು ಬೇರೆ, ನಟ್ಟು ಬೇರೆ ಹಾಕಿ ಮುಚ್ಚಿ ಅಲ್ಲಾಡಿಸಬೇಕು, ತೆಗೆದರೆ ನಟ್ಟು ಬೋಲ್ಟಿಗೆ ಬಿಗಿದುಕೊಂಡಿರಬೇಕು ಎಂದಳು. ನನಗೆ ಹದಿನೈದು ವರ್ಷದಲ್ಲಿ ಅದು ಹೊಳೆದಿರಲಿಲ್ಲ. "ಯೂಟ್ಯೂಬೆಲ್ಲಾ ಹುಡುಕಿದೆ ಮ್ಯಾಮ್, ಯಾರೂ ಮಾಡಿಲ್ಲ ಅಲ್ವಾ?" ಎಂದಳು. ಮುಖ ದೀಪ ಹಚ್ಚಿದ ಹಾಗಿತ್ತು.

ಚೀಲದೊಳಗೆ ನನ್ನ ಕೈ ಭರಣಿಯ ಮೇಲೇ ಇತ್ತು, ಅದು ಇನ್ನೂ ಬೆಚ್ಚಗಿತ್ತು. ಅದನ್ನು ಅಲ್ಲೇ ಬಿಟ್ಟು ಕೈ ಹೊರಗೆ ತೆಗೆದೆ. ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಅಂಚು ಎಲ್ಲಿ ಬರುತ್ತೆ?" ಎಂದೆ.

ಅವಳು ಪೆನ್ನು ಕಚ್ಚಿದಳು. ನಾನು ಕಾಫಿ ಕುಡಿಯುತ್ತಾ ಸುಮ್ಮನೆ ಕಾದೆ.

ಬರುವ ಶನಿವಾರ ಇಬ್ಬರೂ ಚನ್ನಪಟ್ಟಣಕ್ಕೆ ಹೋಗುತ್ತಿದ್ದೇವೆ. ಲೇತು ಈಗಲೂ ಸೊಸೆಯ ಕೈಯಲ್ಲಿ ಓಡುತ್ತಿದೆ, ಬಿಸ್ಕತ್ ಡಬ್ಬವೂ ಅಲ್ಲೇ ಇದೆ. ಇವತ್ತಲ್ಲ ನಾಳೆ ಈ ಹುಡುಗಿ ಅದರ ಮುಚ್ಚಳ ತೆಗೆಯುತ್ತಾಳೆ, ನನ್ನ ಮೇಲೆ ಕೂಗಾಡುತ್ತಾಳೆ. ಕೂಗಾಡಲಿ. ನನ್ನ ಹಾಗೆ ಎಂಟು ತಿಂಗಳು ಮಾತ್ರ ಮುನಿಸಿಕೊಂಡು ಕೂರದಿದ್ದರೆ ಸಾಕು.