ಹೊನ್ನೂರಮ್ಮನ ಕೈಗೆ ಹತ್ತಿದ ನೀಲಿ

ಕೊರೊನಾ ಕಾಟ ಮುಗಿದ ಮರುವರ್ಷದ ಬೇಸಿಗೆ. ನಾನು ಆಗ ಬಳ್ಳಾರಿಯ ಒಂದು ಮೂಳೆ-ಕೀಲು ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಡಾಕ್ಟರು ಆಪರೇಷನ್ನೋ ಇಂಜೆಕ್ಷನ್ನೋ ಮುಗಿಸಿದ ಮೇಲೆ ರೋಗಿಗಳು ನನ್ನ ಪಾಲಿಗೆ ಬರುತ್ತಿದ್ದರು. ಯಾವ ಕೀಲನ್ನು ಎಷ್ಟು ದಿನ ಆಡಿಸಬಾರದು, ಆಮೇಲೆ ಎಷ್ಟೆಷ್ಟು ಆಡಿಸಬೇಕು ಎಂದು ಹೇಳುವುದು ನನ್ನ ಕೆಲಸ. ಹೇಳಿದ್ದನ್ನು ಅವರು ಪಾಲಿಸುತ್ತಿದ್ದಾರೆಯೇ ಎಂದು ನೋಡುವುದೂ ನನ್ನದೇ. ಈ ಎರಡನೆಯ ಕೆಲಸದಲ್ಲಿ ನಾನು ಯಾರನ್ನೂ ನಂಬುತ್ತಿರಲಿಲ್ಲ.

ನಂಬದಿರುವುದನ್ನು ಕಲಿತದ್ದು ಸಿರುಗುಪ್ಪದಲ್ಲಿ. ವೃತ್ತಿಯ ಮೊದಲ ವರ್ಷಗಳನ್ನು ಅಲ್ಲೇ ಕಳೆದೆ. ಕರೂರು, ಹಚ್ಚೊಳ್ಳಿ ಕಡೆಯ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳು ಮಂಡಿ, ಸೊಂಟ ಹಿಡಿದುಕೊಂಡು ಬರುತ್ತಿದ್ದರು. ವಿಶ್ರಾಂತಿ ಎಂದರೆ ತಲೆಯಾಡಿಸುತ್ತಿದ್ದರು. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದರೆ ಮುಗಿಯಿತು, ಮರುದಿನ ಗದ್ದೆಯಲ್ಲಿ. ಮುಂದಿನ ವಾರ ಬಂದು, ಮನೆ ಬಿಟ್ಟು ಹೊರಗೆ ಹೆಜ್ಜೆ ಇಟ್ಟಿಲ್ಲ ಎಂದು ದೇವರಾಣೆ ಹಾಕುವಾಗ ಉಗುರಿನ ಸಂದಿಯಲ್ಲಿ ಕೆಸರು ಇರುತ್ತಿತ್ತು. ಹಾಗಾಗಿ ರೋಗಿ ಒಳಗೆ ಬಂದ ಕೂಡಲೇ ಮೊದಲು ಕೈ ನೋಡುವ ಅಭ್ಯಾಸ ನನಗಾಯಿತು. ಮುಖ ಸುಳ್ಳು ಹೇಳಬಹುದು, ಕೈ ಹೇಳುವುದಿಲ್ಲ ಎಂದು ನನ್ನ ಕೈಕೆಳಗೆ ಕಲಿಯುವವರಿಗೆ ಪಾಠವನ್ನೂ ಹೇಳುತ್ತಿದ್ದೆ. ಬಳ್ಳಾರಿಯ ಆಸ್ಪತ್ರೆಯಲ್ಲಿ ನರ್ಸುಗಳು ನನಗೆ ‘ಸಿಐಡಿ ಮೇಡಂ’ ಎಂದು ಹೆಸರಿಟ್ಟಿದ್ದರು. ಮೇಲೆ ಗದರಿದರೂ ಒಳಗೊಳಗೇ ಆ ಹೆಸರು ನನಗೆ ಇಷ್ಟವಾಗಿತ್ತು.

ಹೊನ್ನೂರಮ್ಮ ಕುರುಗೋಡಿನವಳು. ಮೂವತ್ತೈದರ ಆಸುಪಾಸು. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಅತ್ತೆ ಮತ್ತು ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ದಿನಾ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನಲ್ಲಿ ಜಿಪ್ ಕೂರಿಸುವ ಕೆಲಸ ಮಾಡುತ್ತಿದ್ದಳು. ಜೀನ್ಸ್ ಬಟ್ಟೆ ದಪ್ಪ. ಅದನ್ನು ಸೂಜಿಯ ಕೆಳಗೆ ತಳ್ಳಿ ತಿರುಗಿಸಿ ಬಲಗೈ ಮಣಿಕಟ್ಟು ಬಾತುಕೊಂಡಿತ್ತು. ಒಂದು ಸೋಮವಾರ ನಮ್ಮ ಡಾಕ್ಟರು ಮಣಿಕಟ್ಟಿನ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ನನ್ನ ಬಳಿ ಕಳಿಸಿದರು.

ಈ ಇಂಜೆಕ್ಷನ್ ಬಗ್ಗೆ ಎರಡು ಮಾತು ಹೇಳಬೇಕು. ಅದು ಕೀಲಿನ ಉರಿಯೂತವನ್ನು ತಗ್ಗಿಸುತ್ತದೆ, ಕೀಲಿಗೆ ಬಲ ಕೊಡುವುದಿಲ್ಲ. ನೋವು ಹೋಯಿತೆಂದು ಜನ ಕೆಲಸಕ್ಕೆ ಓಡಿದರೆ ಮೊದಲಿಗಿಂತ ಕೆಡುತ್ತದೆ. ಅದಕ್ಕೇ ವಿಶ್ರಾಂತಿ. ಮೊದಲ ಒಂದೆರಡು ದಿನ ನೋವು ಏರಬಹುದು, ಅದನ್ನು ಫ್ಲೇರ್ ಅನ್ನುತ್ತೇವೆ, ತಾನಾಗಿ ಇಳಿಯುತ್ತದೆ. ಇಳಿಯದೆ ಏರುತ್ತಲೇ ಹೋದರೆ ಒಳಗೆ ಸೋಂಕು ಸೇರಿರಬಹುದು. ಅದು ತೀರಾ ಅಪರೂಪ, ಆದರೆ ಬಂದರೆ ಒಂದು ದಿನವೂ ತಡಮಾಡುವಂತಿಲ್ಲ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು.

ಹೊನ್ನೂರಮ್ಮನ ಮಣಿಕಟ್ಟಿಗೆ ಬೆಲ್ಟ್ ಕಟ್ಟಿ ಹೇಳಿದೆ: “ಹತ್ತು ದಿನ ಮಷೀನ್ ಮುಟ್ಟಬೇಡ. ಭಾರ ಎತ್ತಬೇಡ. ದಿನಕ್ಕೆ ಮೂರು ಸಲ ಬೆಲ್ಟ್ ಬಿಚ್ಚಿ, ಐಸ್‌ಗಡ್ಡೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡು.”

“ಹತ್ತು ದಿನ ನನ್ನ ಮಷೀನ್ ಯಾರಿಗೂ ಕೊಡಂಗಿಲ್ಲ ಅಂದಾರ್ರಿ ಸೂಪರ್‌ವೈಸರು. ಹನ್ನೊಂದನೇ ದಿನಕ್ಕ ಹೋಗಬಹುದಲ್ರಿ?” ಎಂದು ಕೇಳಿದಳು.

ಆ ಪ್ರಶ್ನೆಗೇ ನನ್ನ ಹುಬ್ಬು ಮೇಲೇರಿತು. ದಿನ ಎಣಿಸುವವರು ದಿನ ಕದಿಯುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ಗುರುವಾರ ಮಧ್ಯಾಹ್ನ ಅವಳ ಫೋನ್ ಬಂತು. “ಮೇಡಂ, ನೋವು ಭಾಳ ಆಗೇತ್ರಿ. ನಿನ್ನಿಗಿಂತ ಇವತ್ತು ಜಾಸ್ತಿ ಐತ್ರಿ.”

“ಮಷೀನ್ ಮುಟ್ಟಿದೆಯಾ?”

“ಇಲ್ರಿ.”

“ಖರೇ ಹೇಳು.”

“ಖರೇನ ಇಲ್ರಿ ಮೇಡಂ.”

ಅವಳ ಮಾತಿನ ಹಿಂದೆ ಟಕ್ ಟಕ್ ಎಂದು ಏನನ್ನೋ ಬಡಿಯುವ ಸದ್ದು ಕೇಳುತ್ತಿತ್ತು. ಬಳ್ಳಾರಿಯಲ್ಲಿ ಇದ್ದವರಿಗೆ ಆ ಸದ್ದು ಹೊಸದಲ್ಲ. ಜೀನ್ಸಿನ ಜೇಬಿನ ಮೂಲೆಗೆ ತಾಮ್ರದ ಗುಂಡಿ ಬಡಿಯುವ ಕೆಲಸವನ್ನು ಎಷ್ಟೋ ಜನ ಮನೆಗೆ ತಂದು ಮಾಡುತ್ತಾರೆ. ಓಹೋ, ಮಷೀನ್ ಮುಟ್ಟಿಲ್ಲ, ಸುತ್ತಿಗೆ ಹಿಡಿದಿದ್ದಾಳೆ ಎಂದುಕೊಂಡೆ. ಪತ್ತೆ ಹಚ್ಚಿದ ಖುಷಿಯೂ ಆಯಿತು ಎಂದು ಹೇಳಲು ಇವತ್ತು ನಾಚಿಕೆಯಾಗುತ್ತದೆ. ನಾಳೆ ಬಾ ಎಂದು ಹೇಳಿ ಫೋನಿಟ್ಟೆ.

ಶುಕ್ರವಾರ ಬಂದಳು. ಜೊತೆಗೆ ಬಂದಿದ್ದ ಅತ್ತೆ ನಾಗಮ್ಮ ಹೊರಗಿನ ಬೆಂಚಿನ ಮೇಲೆ ಕೈಚೀಲ ತಬ್ಬಿ ಕೂತಿದ್ದಳು. ಸೊಸೆಯನ್ನು ದುಡಿಸುವ ಅತ್ತೆ ಇರಬೇಕು ಎಂದು ಆ ಮುದುಕಿಯ ಮೇಲೂ ನನಗೆ ಗುಮಾನಿ. ಹೊನ್ನೂರಮ್ಮ ಬೆಲ್ಟ್ ಬಿಚ್ಚಿ ಕೈ ಮುಂದೆ ಮಾಡಿದಳು. ಮಣಿಕಟ್ಟಿನ ಸುತ್ತ ಕಡುನೀಲಿ. ಎಡ ಅಂಗೈಯೂ ನೀಲಿ. ಹೊಸ ಜೀನ್ಸ್ ಬಟ್ಟೆಯ ಬಣ್ಣ ಅದು, ಹೊಲಿಯುವವರ ಕೈಯಲ್ಲಿ ನಾನು ನೂರು ಸಲ ನೋಡಿದ್ದು. ಇದಕ್ಕಿಂತ ಸಾಕ್ಷಿ ಬೇಕೆ?

“ಐದು ದಿನದಿಂದ ಬಟ್ಟೆ ಮುಟ್ಟದವಳ ಕೈಯಲ್ಲಿ ಈ ಬಣ್ಣ ಎಲ್ಲಿಂದ ಬಂತವ್ವ?”

“ಮೇಡಂ, ಅದು ಬಟ್ಟೀದ ಐತ್ರಿ, ಆದ್ರ...”

“ಬಟ್ಟೆಯದೇ. ನನಗೆ ಗೊತ್ತಿದೆ. ಆದರೆ ಗೀದರೆ ನನ್ನ ಹತ್ತಿರ ಬೇಡ.”

ಅವಳು ಬಿಚ್ಚಿದ ಬೆಲ್ಟನ್ನು ಮಡಿಲಲ್ಲಿಟ್ಟುಕೊಂಡಳು. ಕಣ್ಣು ತುಂಬಿತ್ತೇನೋ, ನಾನು ನೋಡಲಿಲ್ಲ. ಮಣಿಕಟ್ಟು ಮುಟ್ಟಿದಾಗ ಬಿಸಿ ಇತ್ತು. ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿ ಇಲ್ಲದ್ದು ಯಾವುದಿದೆ, ಅದೂ ಕುರುಗೋಡಿನಿಂದ ಬಸ್ಸಿನ ಕಿಟಕಿ ಪಕ್ಕ ಕೂತು ಬಂದವಳದ್ದು ಎಂದು ಅದನ್ನೂ ತಳ್ಳಿಹಾಕಿದೆ. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ಅವಳನ್ನು ಕಾಯಲು ಹೇಳಿ ತೋರಿಸಬಹುದಿತ್ತು. ತೋರಿಸಲಿಲ್ಲ. ಅವಳ ಕಾರ್ಡಿನ ಮೇಲೆ ‘ವಿಶ್ರಾಂತಿ ಪಾಲಿಸಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು, ಸೋಮವಾರ ಬಾ ಎಂದು ಕಳಿಸಿದೆ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಸಂಜೆ ಯೂನಿಟ್ಟಿನ ಸೂಪರ್‌ವೈಸರ್ ಫೋನ್ ಮಾಡಿದ. ಹೊನ್ನೂರಮ್ಮ ಖರೇನೇ ವಿಶ್ರಾಂತಿ ಮಾಡಾಕತ್ತಾಳೋ, ಬ್ಯಾರೆ ಯೂನಿಟ್ಟಿನ ಮಾಲು ಮನಿಗೆ ತಂದು ಹೊಲ್ಯಾಕತ್ತಾಳೋ ಎಂದು ಕೇಳಿದ. ರೋಗಿಯ ವಿಷಯ ಹೊರಗಿನವರಿಗೆ ಹೇಳಬಾರದು ಎಂಬುದು ವೃತ್ತಿಯ ಮೊದಲ ನಿಯಮ. ನಾನು ಹೇಳಿದ್ದು ಮೂರೇ ಪದ: “ನನಗೂ ಅನುಮಾನ ಇದೆ.”

ಶನಿವಾರ ಹನ್ನೊಂದರ ಸುಮಾರಿಗೆ ಅತ್ತೆ ಸೊಸೆ ಮತ್ತೆ ಬಂದರು. ಹೊನ್ನೂರಮ್ಮ ನಡುಗುತ್ತಿದ್ದಳು. ಈ ಸಲ ನಾಗಮ್ಮ ಹೊರಗೆ ಕೂರಲಿಲ್ಲ, ಯಾರನ್ನೂ ಕೇಳದೆ ಒಳಗೇ ಬಂದಳು. ನಾನು ಕಾರ್ಡು ಎತ್ತಿಕೊಂಡು, “ಮತ್ತೇನು ಮಾಡಿದೆಯವ್ವ?” ಎಂದು ಶುರುಮಾಡಿದೆ.

ನಾಗಮ್ಮ ಕೈಚೀಲದಿಂದ ಒದ್ದೆ ಮುದ್ದೆಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಹೊಸ ಜೀನ್ಸ್ ಬಟ್ಟೆಯ ಕತ್ತರಿಸಿದ ತುಂಡು, ಒಳಗೆ ಕರಗಿ ಉಳಿದ ಐಸಿನ ಚೂರು.

“ನೀವ ಹೇಳೀರಲ್ರಿ, ಐಸ್‌ಗಡ್ಡಿ ಬಟ್ಟ್ಯಾಗ ಸುತ್ತಿ ಇಡ್ರಿ ಅಂತ. ನಮ್ಮ ಮನ್ಯಾಗ ಗಟ್ಟಿ ಬಟ್ಟಿ ಅಂದ್ರ ಯೂನಿಟ್ಟಿಂದ ತಂದಿದ್ದ ಈ ತುಂಡ ಐತಿ. ದಿನಾ ಮೂರು ಸಲ ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಗೆ ಹೋಗಿ ಗಡ್ಡಿ ತಂದು, ಕಲ್ಲಿಲೆ ಕುಟ್ಟಿ ನಾನ ಕೊಟ್ಟೀನ್ರಿ. ಈಕಿ ಒಂದು ಚರಿಗಿ ನೀರು ಸೈತ ಎತ್ತಿಲ್ಲ. ಬಣ್ಣ ಬಿಟ್ಟಿದ್ದು ನಮ್ಮ ತಪ್ಪೇನ್ರಿ?”

ಕಲ್ಲಿನಿಂದ ಕುಟ್ಟಿದ ಸದ್ದು. ಟಕ್ ಟಕ್.

ಆಗ ಮೊದಲ ಸಲ ಆ ಕೈಗಳನ್ನು ಸರಿಯಾಗಿ ನೋಡಿದೆ. ಹೊಲಿಯುವವರಿಗೆ ನೀಲಿ ಹತ್ತುವುದು ಬೆರಳ ತುದಿಗೆ. ಹೊನ್ನೂರಮ್ಮನ ಬಲಗೈ ಬೆರಳುಗಳು ಮದುವೆಗೆ ಹೊರಟವಳವು ಎಂಬಷ್ಟು ಸ್ವಚ್ಛವಾಗಿದ್ದವು. ನೀಲಿ ಇದ್ದದ್ದು ಐಸ್ ಇಟ್ಟ ಮಣಿಕಟ್ಟಿಗೆ ಮತ್ತು ಅದನ್ನು ಒತ್ತಿ ಹಿಡಿದ ಎಡ ಅಂಗೈಗೆ ಮಾತ್ರ. ನಿನ್ನೆಯೂ ಹಾಗೇ ಇತ್ತು. ಕೈ ಸುಳ್ಳು ಹೇಳಿರಲಿಲ್ಲ, ನನಗೆ ಓದಲು ಬಂದಿರಲಿಲ್ಲ.

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಮಣಿಕಟ್ಟನ್ನು ಒರೆಸಿದೆ. ನೀಲಿ ಹತ್ತಿಗೆ ಬಂತು. ಅದರಡಿಯ ಚರ್ಮ ಕೆಂಪಗೆ ಬಿಗಿದು ಹೊಳೆಯುತ್ತಿತ್ತು. ಜ್ವರ ನೂರೆರಡು.

ಡಾಕ್ಟರನ್ನು ಕರೆಯಲು ಓಡಿದೆ. ಅವರು ಸೂಜಿ ಹಾಕಿ ಎಳೆದಾಗ ಕೀವು ಬಂತು. “ನೋವು ಏರಿದ್ದು ಯಾವಾಗಿನಿಂದ?” ಎಂದರು. ಬುಧವಾರದಿಂದ ಎಂದಳು ಹೊನ್ನೂರಮ್ಮ. “ಇಷ್ಟು ದಿನ ಯಾಕೆ ಬರಲಿಲ್ಲ?” ಎಂದು ಅವರು ಅವಳನ್ನೇ ಗದರಿದರು. ಅವಳು ನನ್ನ ಕಡೆ ನೋಡಲಿಲ್ಲ, ನನ್ನ ಹೆಸರನ್ನೂ ಹೇಳಲಿಲ್ಲ. ಸುಮ್ಮನಿದ್ದರೆ ನಾನು ಪಾರಾಗುತ್ತಿದ್ದೆ. ಕಾರ್ಡು ಇನ್ನೂ ನನ್ನ ಕೈಯಲ್ಲಿತ್ತು.

“ಬಂದಿದ್ದಳು ಸಾರ್. ನಿನ್ನೆ ಬಂದಿದ್ದಳು, ಮೊನ್ನೆ ಫೋನ್ ಮಾಡಿದ್ದಳು. ನಾನೇ ವಾಪಸ್ ಕಳಿಸಿದೆ,” ಎಂದು ಕಾರ್ಡು ಅವರ ಮುಂದಿಟ್ಟೆ.

ಡಾಕ್ಟರು ಅದನ್ನು ಓದಿ ಪಕ್ಕಕ್ಕಿಟ್ಟರು. ಅವತ್ತೇ ಕೀಲನ್ನು ತೆರೆದು ತೊಳೆದರು. ಹೊರಬಂದು, ಒಂದೆರಡು ದಿನ ಮೊದಲೇ ಸಿಕ್ಕಿದ್ದರೆ ಇಷ್ಟು ಬೇಕಿರಲಿಲ್ಲವೇನೋ ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಕೈ ಉಳಿಯಿತು. ಆದರೆ ಹತ್ತು ದಿನದ ವಿಶ್ರಾಂತಿ ತಿಂಗಳುಗಳಿಗೆ ಎಳೆಯಿತು. ಯೂನಿಟ್ಟಿನಲ್ಲಿ ಅವಳ ಮಷೀನಿಗೆ ಬೇರೊಬ್ಬಳು ಬಂದು ಕೂತಿದ್ದಳು. ನಾನೇ ಹೋಗಿ ಸೂಪರ್‌ವೈಸರಿಗೆ, ನನ್ನ ಅನುಮಾನ ತಪ್ಪು, ಅವಳು ನಾನು ಹೇಳಿದ್ದನ್ನೆಲ್ಲ ಮಾಡಿದ್ದಳು ಎಂದೆ. ಹತ್ತಾರು ಮಷೀನುಗಳ ಗದ್ದಲದಲ್ಲಿ ಕೂಗಿ ಹೇಳಬೇಕಾಯಿತು, ಸುತ್ತಲಿನವರೆಲ್ಲ ತಿರುಗಿ ನೋಡಿದರು. “ಕೈ ನೆಟ್ಟಗಾದ ಮ್ಯಾಲೆ ನೋಡಾಣ್ರಿ,” ಎಂದ ಆತ.

ಅವಳು ವಾರ್ಡಿನಲ್ಲಿದ್ದಾಗ ಕ್ಷಮೆ ಕೇಳಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ತಿರುಗದೆಯೇ ಹೇಳಿದಳು: “ಕೈ ನೋವಿಗೆ ನನಗ ಸಿಟ್ಟಿಲ್ರಿ ಮೇಡಂ. ಇಲ್ಲ ಇಲ್ಲ ಅಂತ ಎಷ್ಟು ಸಲ ಹೇಳಿದ್ನಿ. ನೀವು ಒಂದು ಸಲ ಸೈತ ನನ್ನ ಮಾರಿ ನೋಡ್ಲಿಲ್ಲ.”

ಆ ಮಾತು ನನಗೆ ಆದ ಶಿಕ್ಷೆ. ಅದರ ನಂತರವೂ ನನ್ನ ಸಂಶಯದ ಬುದ್ಧಿ ಹೋಗಲಿಲ್ಲ, ಹೋಗುವುದೂ ಇಲ್ಲ. ಆದರೆ ನಿವೃತ್ತಿಯಾಗುವವರೆಗೂ ನೋವು ಏರಿದೆ ಎಂದವರನ್ನು ಡಾಕ್ಟರಿಗೆ ತೋರಿಸದೆ ಕಳಿಸಲಿಲ್ಲ. ಸುಳ್ಳು ಹೇಳುತ್ತಿದ್ದಾರೆ ಎಂದು ಅನ್ನಿಸಿದವರನ್ನಂತೂ ಮೊದಲು ತೋರಿಸಿದೆ. ಸುಳ್ಳುಗಾರರಿಗೂ ಸೋಂಕು ತಗಲುತ್ತದೆ ಎಂಬಷ್ಟು ಸರಳ ವಿಷಯ ನನಗೆ ತಿಳಿದಿರಲಿಲ್ಲವಲ್ಲ! ಐಸ್ ಇಡಲು ಹೇಳಿದಾಗಲೆಲ್ಲ ಹಳೆಯ ಬಿಳಿ ಪಂಚೆಯ ತುಂಡನ್ನು ನಾನೇ ಕೈಗೆ ಕೊಡುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಒಂದು ದಿನ ಹೊನ್ನೂರಮ್ಮ ಚೀಟಿಯಿಲ್ಲದೆ ನನ್ನ ಕೋಣೆಗೆ ಬಂದಳು. ಮಣಿಕಟ್ಟು ಪೂರ್ತಿ ಮಡಚುತ್ತಿರಲಿಲ್ಲ, ಇವತ್ತಿಗೂ ಮಡಚುವುದಿಲ್ಲ. ಅಭ್ಯಾಸದಂತೆ ನನ್ನ ಕಣ್ಣು ಅವಳ ಕೈಗೆ ಹೋಗುವುದರಲ್ಲಿತ್ತು. ತಡೆದು ಮುಖ ನೋಡಿದೆ. ನಗುತ್ತಿದ್ದಳು.

“ಮಾರಿ ಆಮ್ಯಾಲೆ ನೋಡ್ರಿ, ಮೊದಲು ಕೈ ನೋಡ್ರಿ,” ಎಂದು ಬಲಗೈ ಚಾಚಿದಳು. ಐದೂ ಬೆರಳ ತುದಿ ಕಡುನೀಲಿ. “ಈ ಸಲ ಖರೇನ ಮಷೀನ್ ಮುಟ್ಟೀನ್ರಿ ಮೇಡಂ.”